ಗಡಿಯೊಳಗಿನ ಕಳ್ಳಭಟ್ಟಿ



ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ ಒಂದು ಕಾಲಕ್ಕೆ ಎರಡು ಸರ್ಕಾರಗಳ ಗಡಿ ಇತ್ತೆಂಬುದು ಇಂದಿನ ಕಿರಿಯರಿಗೆ ತಿಳಿದಿರಲಾರದು. ಷಡಕ್ಷರದೇವ ಕವಿಯ ನೆನಪನ್ನು ಹೊತ್ತ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಸೀಮೆ, ಮೈಸೂರು ಸಂಸ್ಥಾನದಲ್ಲಿತ್ತು. ಹನೂರು ಮತ್ತು ಮಲೆ ಮಹದೇಶ್ವರ ಬೆಟ್ಟವನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕಾದರೋ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನುಡಿ ಒಂದೇ, ಜಾತ್ರೆ ಒಂದೇ, ಬೀಗತನ ಒಂದೇ. ಕಾನೂನು ಮಾತ್ರ ಎರಡು.

ರಾಜಾಜಿಯವರ ಸರ್ಕಾರವು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತು. 1948ರ ಗಾಂಧಿ ಜಯಂತಿಯ ವೇಳೆಗೆ ಮದರಾಸು ಪ್ರಾಂತವೆಲ್ಲವೂ, ಅದರೊಡನೆ ಕೊಳ್ಳೇಗಾಲವೂ, ಆ ಕಾನೂನಿಗೆ ಒಳಪಟ್ಟಿತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಮೈಸೂರು ಪಾನನಿರೋಧ ಕಾಯ್ದೆ ಬಂದಿತು. 1967ರಲ್ಲಿ ರಾಜ್ಯದಲ್ಲಿ ಪಾನನಿರೋಧವೇ ತೆರವಾಯಿತು. 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಉಳಿದ ಮದ್ಯದ ಅಂಗಡಿಗಳು ನಿಲ್ಲಲಿಲ್ಲ.

ಹೀಗೆ ಒಂದೇ ನೆಲದ ಮೇಲೆ ಕಾನೂನು ಎಷ್ಟೋ ಬಾರಿ ಬದಲಾಯಿತು. ಕುಡಿತದ ಸೆಳೆತ ಮಾತ್ರ ಬದಲಾಗಲಿಲ್ಲ. ಇದಕ್ಕೆ ಕಾರಣವೇನು? ಮನೋದೌರ್ಬಲ್ಯವೆಂದು ಹೇಳಿ ನಾವು ಕೈತೊಳೆದುಕೊಂಡೆವು. ದೇಹದೊಳಗೆ ನಡೆಯುವ ವ್ಯಾಪಾರವನ್ನು ಅರಿತಾಗ ಆ ಮಾತು ಅರ್ಧಸತ್ಯವೆಂದು ಮನಗಾಣುತ್ತೇವೆ.

ಕುಡಿದ ಮದ್ಯವು ಮುಖ್ಯವಾಗಿ ಯಕೃತ್ತಿನಲ್ಲಿ ಒಡೆಯುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಬಳಿಕ ಅಸಿಟೇಟ್ ಎಂಬ ಸೌಮ್ಯ ವಸ್ತುವಾಗುತ್ತದೆ. ಕೊಳ್ಳೇಗಾಲ ಪಾನನಿರೋಧದಡಿ ಇದ್ದ ಅದೇ 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬ ವಿಜ್ಞಾನಿಗಳು ಡೈಸಲ್ಫಿರಾಂ ಔಷಧದ ಗುಣವನ್ನು ಪ್ರಕಟಿಸಿದರು. ಜಂತುಹುಳುವಿನ ಔಷಧಕ್ಕಾಗಿ ಹುಡುಕುತ್ತ ಆ ಮಾತ್ರೆಯನ್ನು ತಾವೇ ನುಂಗಿದ್ದ ಅವರು, ಮದ್ಯ ಸೇವಿಸಿದೊಡನೆ ಅಸ್ವಸ್ಥರಾದರು. ಔಷಧವು ಎರಡನೆಯ ಹಂತವನ್ನು ತಡೆದಿತ್ತು. ರಕ್ತದಲ್ಲಿ ಅಸಿಟಾಲ್ಡಿಹೈಡ್ ತುಂಬಿ ಮುಖ ಕೆಂಪಾಗಿ, ಎದೆ ಬಡಿದು, ವಾಕರಿಕೆ ಬಂದಿತು.

ವಿಚಿತ್ರವೆಂದರೆ, ಮೈಯಲ್ಲಿ ಜುಗುಪ್ಸೆ ಹುಟ್ಟಿಸುವ ಈ ವಸ್ತುವೇ ಮಿದುಳಿನೊಳಗೆ ಆಸೆ ಹುಟ್ಟಿಸುವಂತೆ ತೋರುತ್ತದೆ. ಮಿದುಳಿಗೂ ಒಂದು ಗಡಿಯುಂಟು, ಸುಂಕದ ಕಟ್ಟೆಯುಂಟು. ರಕ್ತದಲ್ಲಿರುವ ಅಸಿಟಾಲ್ಡಿಹೈಡ್ ಅದನ್ನು ಸುಲಭವಾಗಿ ದಾಟಲಾರದು. ಮದ್ಯ ಮಾತ್ರ ನಿರಾಯಾಸವಾಗಿ ದಾಟುತ್ತದೆ. ಒಳಸೇರಿದ ಮದ್ಯವನ್ನು ಕ್ಯಾಟಲೇಸ್ ಎಂಬ ಕಿಣ್ವವು ಅಲ್ಲಿಯೇ ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಹೊರಗಿನಿಂದ ಬರುವುದನ್ನು ತಡೆದರೇನು, ಕಳ್ಳಭಟ್ಟಿ ಗಡಿಯೊಳಗೇ ಉರಿಯುತ್ತಿದೆ!

1970ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಒಂದು ವಿಚಾರವನ್ನು ಮುಂದಿಟ್ಟವು. ಅಸಿಟಾಲ್ಡಿಹೈಡ್‌ನ ಪ್ರಭಾವದಿಂದ ದೇಹದ ಡೋಪಮೀನಿನಂತಹ ವಸ್ತುಗಳು ರೂಪಾಂತರ ಹೊಂದಿ, ಅಫೀಮಿನ ಸಂಯುಕ್ತಗಳಿಗೆ ರಚನೆಯಲ್ಲಿ ಹತ್ತಿರವಾದ ದ್ರವ್ಯಗಳು ಹುಟ್ಟಬಹುದೆಂಬುದೇ ಅದು. ಅಂತಹ ಒಂದು ದ್ರವ್ಯವನ್ನು ಇಲಿಗಳ ಮಿದುಳಿಗೆ ಹನಿಸಿದಾಗ ಅವು ಹೆಚ್ಚು ಮದ್ಯ ಕುಡಿದವೆಂದು 1977ರಲ್ಲಿ ವರದಿಯಾಯಿತು. ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಅದೇ ಫಲ ದೊರೆಯಲಿಲ್ಲವಾಗಿ ವಾದವು ಬಹುಕಾಲ ಮುಂದುವರಿಯಿತು. 2011ರಲ್ಲಿ ಚಿಲಿ ದೇಶದ ಸಂಶೋಧಕರು, ಕುಡಿಯುವ ಗುಣಕ್ಕಾಗಿಯೇ ತಲೆಮಾರುಗಳಿಂದ ಆಯ್ದು ಬೆಳೆಸಿದ ಇಲಿಗಳ ಮಿದುಳಿನಲ್ಲಿ ಕ್ಯಾಟಲೇಸ್ ಉತ್ಪತ್ತಿಯನ್ನು ತಗ್ಗಿಸಿದರು. ಆ ಇಲಿಗಳ ಕುಡಿತ ಬಹುಪಾಲು ನಿಂತಿತು.

ಸೌಮ್ಯವೆನಿಸಿದ್ದ ಅಸಿಟೇಟ್ ಕೂಡ ನಿರಪರಾಧಿಯಲ್ಲ. ಯಕೃತ್ತಿನಿಂದ ಹೊರಟ ಅಸಿಟೇಟ್ ಮಿದುಳನ್ನು ಸೇರಿ, ವಂಶವಾಹಿಗಳನ್ನು ಸುತ್ತಿರುವ ಪ್ರೋಟೀನುಗಳಿಗೆ ಅಂಟಿ, ಕುಡಿದ ಜಾಗದ ನೆನಪನ್ನು ಬಲಪಡಿಸುತ್ತದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಚಿಕ್ಕ ಇಲಿಗಳಲ್ಲಿ ತೋರಿಸಿದರು. ಇವು ಪ್ರಾಣಿಗಳ ಮೇಲಿನ ಪ್ರಯೋಗಗಳು. ಮನುಷ್ಯನ ವಿಷಯದಲ್ಲಿ ಕೊನೆಯ ಮಾತಲ್ಲ. ಆದರೂ ಕುಡಿತ ಬಿಟ್ಟವನು ಹಳೆಯ ಅಂಗಡಿಯ ಮುಂದೆ ನಡೆದಾಗ ಕಾಲು ತಡೆಯುವುದೇಕೆಂಬುದಕ್ಕೆ ಇಲ್ಲೊಂದು ಬೆಳಕಿದೆ.

ಬಂಧುಗಳೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಗಂಡನ ಅಥವಾ ಮಗನ ಕುಡಿತ ಬಿಡಿಸಲು ಸಾರಿನಲ್ಲಿಯೋ ಕಾಫಿಯಲ್ಲಿಯೋ ಗುಟ್ಟಾಗಿ ಮಾತ್ರೆಯ ಪುಡಿ ಬೆರೆಸುವ ತಾಯಂದಿರಿದ್ದಾರೆ. ಅವರ ಸಂಕಟ ಸಹಜವಾದುದು. ಕೃತ್ಯ ಮಾತ್ರ ಅಪಾಯಕರ. ಅದು ಡೈಸಲ್ಫಿರಾಂ ಆಗಿದ್ದು, ಅರಿಯದೆ ಆತ ಕುಡಿದರೆ, ಹೃದಯಕ್ಕೆ ಪೆಟ್ಟು ಬಿದ್ದು ಪ್ರಾಣವೇ ಹೋಗಬಹುದು. ಆತನಿಗೆ ತಿಳಿಸಿ, ಆತನ ಒಪ್ಪಿಗೆ ಪಡೆದು, ವೈದ್ಯರ ಕಣ್ಣೆದುರಿನಲ್ಲಿಯೇ ಅದನ್ನು ಕೊಡಬೇಕು. ಹಾಗೆಯೇ, ಬಹುಕಾಲ ಅತಿಯಾಗಿ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಸಲ್ಲದು. ಫಿಟ್ಸ್ ಬಂದು, ಬುದ್ಧಿ ಭ್ರಮಿಸಿ ಜೀವಕ್ಕೆ ಮುಳುವಾಗಬಹುದು. ಮೊದಲು ಆಸ್ಪತ್ರೆ, ಅನಂತರ ಪ್ರತಿಜ್ಞೆ.

ಪ್ರತಿಜ್ಞೆ ವ್ಯರ್ಥವೆಂದು ಇದರ ಅರ್ಥವಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಅಲೆದು ಬೇಡಿದ್ದು ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಕುಡುಕನೆಂದು ಊರು ಹೊರಗಿಟ್ಟವನ ಮನೆಬಾಗಿಲಿಗೆ ಸ್ವಾಮಿಗಳೇ ಬಂದು ಕೈಚಾಚಿದರೆಂಬುದರಲ್ಲಿ ಆ ಜೋಳಿಗೆಯ ಶಕ್ತಿ ಅಡಗಿತ್ತು.

ಕೊಳ್ಳೇಗಾಲದ ಗಡಿಯಲ್ಲಿ ನಿಂತ ಕಾನೂನು ಮಡಕೆಯನ್ನು ಒಡೆಯಬಲ್ಲುದಾಗಿತ್ತು. ತಲೆಯೊಳಗಿನ ಭಟ್ಟಿಯನ್ನು ಆರಿಸಬಲ್ಲುದಾಗಿರಲಿಲ್ಲ. ಅದನ್ನು ಆರಿಸಲು ವೈದ್ಯನ ವಿದ್ಯೆ ಬೇಕು, ಮನೆಯವರ ತಾಳ್ಮೆ ಬೇಕು, ಊರಿನವರ ಮರ್ಯಾದೆ ಬೇಕು. ನಿಮ್ಮ ಕೇರಿಯಲ್ಲಿ ಅಂತಹ ಒಬ್ಬನಿದ್ದರೆ, ನಾಳೆ ಅವನನ್ನು ಹೆಸರು ಹಿಡಿದು ಮಾತನಾಡಿಸಿರಿ.