ಕಲಬೆರಕೆ ಸೇಂದಿ ವ್ಯಸನ

ನಿದ್ರೆ ಬರಿಸುವ ಔಷಧಿಗಳನ್ನು ಬೆರೆಸಿದ ಸೇಂದಿಯನ್ನು ದಿನವೂ ಕುಡಿಯುವುದರಿಂದ ಅಂಟುವ, ಕುಡಿತ ಒಮ್ಮೆಲೇ ನಿಂತರೆ ಮೂರ್ಛೆ ಮತ್ತು ಸನ್ನಿ ತರಬಲ್ಲ ಮಾದಕ ವ್ಯಸನ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲೂ ನೆರೆಯ ತೆಲಂಗಾಣದಲ್ಲೂ ಕಂಡುಬರುತ್ತದೆ. ಮನೋವೈದ್ಯ ಪಠ್ಯಗಳು ಮದ್ಯದ ವ್ಯಸನಕ್ಕೆ ಒಂದು ಅಧ್ಯಾಯ, ನಿದ್ರೆ ಮಾತ್ರೆಗಳ ವ್ಯಸನಕ್ಕೆ ಇನ್ನೊಂದು ಅಧ್ಯಾಯ ಕೊಡುತ್ತವೆ. ಬಸವಕಲ್ಯಾಣ, ಹುಮನಾಬಾದ, ದುಬಲಗುಂಡಿಯ ಕಡೆಯಿಂದ ಬೀದರಿನ ದವಾಖಾನೆಗೆ ಬರುವ ರೋಗಿಯಲ್ಲಿ ಈ ಎರಡೂ ಒಟ್ಟಿಗೇ ಇರಬಹುದು ಎಂಬುದನ್ನು ವೈದ್ಯಕೀಯ ವಿದ್ಯಾರ್ಥಿ ಮೊದಲ ದಿನವೇ ತಿಳಿದಿರಬೇಕು.

ಈಚಲು ಮತ್ತು ತಾಳೆ ಮರಗಳಿಂದ ಇಳಿಸಿದ ರಸ ಬೆಳಗಿನ ಹೊತ್ತು ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ಹುಳಿತು ಸೇಂದಿಯಾಗುತ್ತದೆ. ಅದರಲ್ಲಿರುವ ಮದ್ಯಾಂಶ ಹೆಚ್ಚುಕಡಿಮೆ ಬಿಯರಿನಷ್ಟೆ. ಈ ನಾಡಿಗೆ ಸೇಂದಿ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಹೆಂಡ ಮಾರುವ ಕಾಯಕದಲ್ಲಿದ್ದೇ ಕುಡಿಯಬೇಡಿರೆಂದು ಜನರಿಗೆ ಬುದ್ಧಿ ಹೇಳಿದನೆನ್ನುವ ಹೆಂಡದ ಮಾರಯ್ಯ ವಚನಕಾರರ ಸಾಲಿನಲ್ಲಿದ್ದಾನೆ. ಮುಂದೆ ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯವಾಯಿತು. ಬೀದರ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಹೈದರಾಬಾದಿನ ಆಡಳಿತದಲ್ಲೇ ಇತ್ತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆದರೆ ಗಡಿಯಾಚೆ ತೆಲಂಗಾಣದಲ್ಲಿ ಸೇಂದಿ ಅಂಗಡಿಗಳು ಪರವಾನಗಿಯ ಮೇಲೆ ನಡೆಯುತ್ತಿವೆ.

ಮರಗಳು ಕಡಿಮೆಯಾದವು, ಕುಡಿಯುವವರು ಕಡಿಮೆಯಾಗಲಿಲ್ಲ. ಕಲಬೆರಕೆ ಹುಟ್ಟಿದ್ದು ಇಲ್ಲಿಂದ. ನೀರು, ಸ್ಯಾಕ್ರಿನ್, ಸ್ವಲ್ಪ ಸೇಂದಿ, ಅದಕ್ಕೆ ಬಾಯಿಮಾತಿನಲ್ಲಿ ಸಿ.ಎಚ್. ಪುಡಿ ಎನ್ನುವ ಕ್ಲೋರಲ್ ಹೈಡ್ರೇಟ್, ಇಲ್ಲವೇ ಡಯಾಜೆಪಾಮ್ ಅಥವಾ ಆಲ್ಪ್ರಜೊಲಾಮ್. ಕ್ಲೋರಲ್ ಹೈಡ್ರೇಟ್ 1869ರಿಂದ ನಿದ್ರೆಯ ಔಷಧಿಯಾಗಿ ಬಳಕೆಗೆ ಬಂದ ವಸ್ತು. ಯಕೃತ್ತಿನಲ್ಲಿ ಅದು ಟ್ರೈಕ್ಲೋರೋಎಥನಾಲ್ ಆಗಿ ಬದಲಾಗಿ ಮಂಪರು ತರುತ್ತದೆ, ಪ್ರಮಾಣ ಹೆಚ್ಚಾದರೆ ಹೃದಯದ ಬಡಿತದ ಲಯ ಕೆಡಿಸುತ್ತದೆ. ಡಯಾಜೆಪಾಮ್, ಆಲ್ಪ್ರಜೊಲಾಮ್ ಎರಡೂ 1985ರ ಮಾದಕ ವಸ್ತುಗಳ ಕಾಯ್ದೆಯಡಿ ನಿಯಂತ್ರಿತ ಔಷಧಿಗಳು. ಕುಡಿಯುವವನಿಗೆ ತನ್ನ ಲೋಟದಲ್ಲಿ ಯಾವುದು ಎಷ್ಟಿದೆ ಎಂಬುದೇ ಗೊತ್ತಿರುವುದಿಲ್ಲ. ಈ ವ್ಯಸನದ ಕ್ರೌರ್ಯ ಅಲ್ಲಿದೆ.

ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ, ಕೆರಳಿಸುವ ಗ್ಲುಟಮೇಟ್ ಎಂಬ ಎರಡು ರಾಸಾಯನಿಕಗಳು ಸಮತೋಲದಲ್ಲಿರುತ್ತವೆ. ಮದ್ಯ, ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್ ಮೂರೂ ಗಾಬಾದ ಕೆಲಸವನ್ನು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ಹೀಗಾದರೆ ಮಿದುಳು ತನ್ನದೇ ಗಾಬಾ ಸ್ಪಂದನವನ್ನು ತಗ್ಗಿಸಿ ಗ್ಲುಟಮೇಟನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ. ಆಗ ಮೊದಲಿನಷ್ಟೇ ನಶೆಗೆ ಹೆಚ್ಚು ಕುಡಿಯಬೇಕಾಗುತ್ತದೆ. ಒಮ್ಮೆಲೇ ನಿಂತರೆ ತಡೆಯುವವರಿಲ್ಲದ ಕೆರಳಿಕೆ ಉಳಿಯುತ್ತದೆ. ಇದು ಮನೋಬಲದ ಕೊರತೆಯಲ್ಲ, ಶರೀರದ ನಿಯಮ.

ಮದ್ಯ ನಿಂತ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರೆಗೇಡು ಶುರುವಾಗುತ್ತವೆ. ಫಿಟ್ಸ್ (ಮೂರ್ಛೆ) ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. 48ರಿಂದ 96 ಗಂಟೆಗಳ ನಡುವೆ ಸನ್ನಿ ಹಿಡಿಯಬಹುದು: ಜ್ವರ, ಏರಿದ ನಾಡಿ, ಎಲ್ಲಿದ್ದೇನೆಂಬ ಅರಿವಿಲ್ಲದಿರುವುದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು. ಸೇಂದಿಯಲ್ಲಿ ಆಲ್ಪ್ರಜೊಲಾಮ್ ಇದ್ದರೆ ಲಕ್ಷಣಗಳು ಒಂದೆರಡು ದಿನದಲ್ಲೇ ತೋರುತ್ತವೆ. ಡಯಾಜೆಪಾಮ್ ಇದ್ದರೆ, ಅದು ದೇಹದಿಂದ ನಿಧಾನವಾಗಿ ಹೋಗುವುದರಿಂದ, ವಾರ ಕಳೆದ ಮೇಲೂ ಫಿಟ್ಸ್ ಬರಬಹುದು. ಮೂರು ದಿನ ನೋಡಿ ಮನೆಗೆ ಕಳಿಸುವ ರೂಢಿ ಇಲ್ಲಿ ಅಪಾಯಕಾರಿ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ದಾಳಿ ಬಿಗಿಗೊಳಿಸಿದಾಗ ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳಲ್ಲಿ ನೂರಾರು ಜನ ಫಿಟ್ಸ್, ಭ್ರಮೆಗಳೊಂದಿಗೆ ಆಸ್ಪತ್ರೆ ಸೇರಿದರು. ಚಿಕಿತ್ಸೆಯ ಏರ್ಪಾಡಿಲ್ಲದೆ ಅಂಗಡಿ ಮುಚ್ಚುವುದು ಅರ್ಧ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ರೋಗಿಯ ಚರಿತ್ರೆ ಕೇಳುವಾಗ "ಕುಡಿಯುತ್ತೀರಾ?" ಎಂದರೆ "ಇಲ್ರೀ" ಎಂಬ ಉತ್ತರ ಬಂದೀತು. ಸೇಂದಿಯನ್ನು ಅನೇಕರು ಕುಡಿತವೆಂದೇ ಎಣಿಸುವುದಿಲ್ಲ. ಕೂಲಿಯ ಮೈನೋವಿಗೆ ಮದ್ದೆಂದು ಕುಡಿಯುವ ಹೆಂಗಸರೂ ಇದ್ದಾರೆ. ಆದ್ದರಿಂದ ಸೇಂದಿಯ ಹೆಸರು ಹಿಡಿದೇ, ಗಂಡಸರಿಗೂ ಹೆಂಗಸರಿಗೂ, ಗೌರವದಿಂದ ಕೇಳಬೇಕು. ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಕಾಲು ಮುರಿದು ದಾಖಲಾಗಿ ಸೇಂದಿ ನಿಂತವರು ಮೂರನೆಯ ರಾತ್ರಿ ಬಡಬಡಿಸತೊಡಗಿದರೆ ಮನೆಯವರು ಗಾಳಿ ಸೋಕಿತೆನ್ನಬಹುದು, ಕಿರಿಯ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಬರೆಯಬಹುದು. ಎರಡೂ ತಪ್ಪು, ಅದು ಸನ್ನಿ. ಸ್ಕಿಜೋಫ್ರೇನಿಯಾದಲ್ಲಿ ಎಚ್ಚರ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ, ಕಿವಿಗೆ ದನಿ ಕೇಳುವುದೇ ಹೆಚ್ಚು. ಸನ್ನಿಯಲ್ಲಿ ಎಚ್ಚರವೇ ಮಸುಕು, ಗಂಟೆಗೊಂದು ತೆರ, ರಾತ್ರಿ ಉಲ್ಬಣ.

ಚಿಕಿತ್ಸೆಯ ತಿರುಳು, ಗಾಬಾದ ಕೆಲಸ ಹೆಚ್ಚಿಸುವ ಅದೇ ಗುಂಪಿನ ಔಷಧಿಯನ್ನು ಅಳೆದು ಕೊಟ್ಟು ಮೆಲ್ಲಗೆ ಇಳಿಸುವುದು. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮೊದಲ ಆಯ್ಕೆ, ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಬರೀ ಮದ್ಯವಾದರೆ ಸುಮಾರು ಒಂದು ವಾರದಲ್ಲಿ ಮುಗಿಯುವ ಈ ಇಳಿಕೆ ಕಲಬೆರಕೆ ಸೇಂದಿಯಲ್ಲಿ ಇನ್ನಷ್ಟು ಕಾಲ ಹಿಡಿಯಬಹುದು. ಗ್ಲೂಕೋಸ್ ಹಚ್ಚುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಡುವುದು ನಿಯಮ. ಥಯಾಮಿನ್ ಕೊರತೆಯಿಂದ ಗೊಂದಲ, ಕಣ್ಣಿನ ಚಲನೆಯ ದೋಷ, ತೂರಾಟ ಕಾಣಿಸುವ ವರ್ನಿಕೆ ಕಾಯಿಲೆ ಬಂದು ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋದೀತು. ಕ್ಲೋರ್‌ಪ್ರೊಮಜಿನ್‌ನಂಥ ಸ್ಕಿಜೋಫ್ರೇನಿಯಾದ ಔಷಧಿಯೊಂದನ್ನೇ ಕೊಟ್ಟು ಸುಮ್ಮನಾಗಿಸಲು ಹೋದರೆ ಫಿಟ್ಸ್ ಹೆಚ್ಚಬಹುದು.

ದೇಹ ಚೇತರಿಸಿದ ಮೇಲೆ ಮರಳಿ ಕುಡಿಯದಂತೆ ನೋಡುವ ಉದ್ದನೆಯ ಕೆಲಸವಿದೆ. ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್ ಕುಡಿತದ ತುಡಿತ ತಗ್ಗಿಸುತ್ತವೆ. ಡೈಸಲ್ಫಿರಾಮ್ ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಅದನ್ನು ಗುಟ್ಟಾಗಿ ಅನ್ನದಲ್ಲಿ ಬೆರೆಸಿ ಹಾಕುವುದು ಜೀವಕ್ಕೆ ಎರವಾಗಬಲ್ಲದು. ರೋಗಿಯ ಒಪ್ಪಿಗೆಯಿಲ್ಲದೆ ಕೊಡಲೇಬಾರದು. ಕುಡಿತದ ಹಿಂದೆ ಖಿನ್ನತೆ ಇದೆಯೇ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳಬೇಕು.

ಮನೋರೋಗದ ಚಿಕಿತ್ಸೆ ಜಿಲ್ಲೆಯುದ್ದಕ್ಕೂ ಹಳ್ಳಿಗೆ ತಲುಪಬಲ್ಲದೆಂದು ದೇಶಕ್ಕೆ ತೋರಿಸಿದ್ದು ಬೀದರ, ಬಳ್ಳಾರಿಗಳಿರುವ ಇದೇ ಕಲ್ಯಾಣ ಕರ್ನಾಟಕ. 1985ರಿಂದ 1990ರವರೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಹಾಗಾಗಿ ಸರ್ಕಾರಿ ಚಿಕಿತ್ಸೆ ಕುಡಿಯುವವರ ಹಕ್ಕು. ಮನೆಯವರು ಬಾಗಿಲು ಹಾಕಿ ಒಂದೇ ದಿನದಲ್ಲಿ ಸೇಂದಿ ಬಿಡಿಸಲು ಹೋಗಬಾರದು. ನಡುಕ, ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಸಲಹೆಗೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.