ಟರ್ಕಿಯ ಫಸ್ಟ್ ಲೀಗ್: ಹೆಸರಲ್ಲಿ ಮೊದಲು, ದರ್ಜೆಯಲ್ಲಿ ಎರಡನೆಯದು

ಟರ್ಕಿಯ ವೃತ್ತಿಪರ ಫುಟ್ಬಾಲ್‌ನಲ್ಲಿ ಸೂಪರ್ ಲೀಗ್‌ನ ಕೆಳಗಿರುವುದು ಟಿಎಫ್‌ಎಫ್ ಫಸ್ಟ್ ಲೀಗ್. ಹೆಸರಲ್ಲಿ 'ಫಸ್ಟ್' ಇದ್ದರೂ ಇದು ಎರಡನೇ ದರ್ಜೆ. ದೇಶದಲ್ಲಿ ಎರಡನೇ ದರ್ಜೆಯ ಲೀಗ್ ಶುರುವಾದದ್ದು 1963ರಲ್ಲಿ.

ಪಟ್ಟಿಯ ಮೊದಲ ಎರಡು ತಂಡಗಳಿಗೆ ನೇರವಾಗಿ ಸೂಪರ್ ಲೀಗ್ ಪ್ರವೇಶ. ಮೂರನೇ ಸ್ಥಾನ ಪ್ಲೇಆಫ್ ಗೆದ್ದವರಿಗೆ. 2024-25ರಲ್ಲಿ ಕೊಜಾಯೆಲಿಸ್ಪೋರ್, ಗೆಂಚ್ಲೆರ್‌ಬಿರ್ಲಿ ನೇರವಾಗಿ, ಫಾತಿಹ್ ಕರಗುಮ್ರುಕ್ ಪ್ಲೇಆಫ್ ಮೂಲಕ ಮೇಲೇರಿದವು.

ಆದರೆ ಇಲ್ಲಿಂದ ಕೆಳಗೂ ದಾರಿ ಇದೆ. 2010ರಲ್ಲಿ ಸೂಪರ್ ಲೀಗ್ ಚಾಂಪಿಯನ್ ಆಗಿದ್ದ ಬುರ್ಸಾಸ್ಪೋರ್ 2019ರಲ್ಲಿ ಫಸ್ಟ್ ಲೀಗ್‌ಗೆ ಇಳಿಯಿತು. 2022ರಲ್ಲಿ ಮೂರನೇ, 2024ರಲ್ಲಿ ನಾಲ್ಕನೇ ದರ್ಜೆಗೆ ಜಾರಿತು. ಸಾಲ ಬೆಳೆದು, ಹೊಸ ಆಟಗಾರರನ್ನು ಸೇರಿಸಿಕೊಳ್ಳಲೂ ನಿಷೇಧ ಬಿತ್ತು. ಆದರೂ ಊರಿನ ಜನ ಕೈಬಿಡಲಿಲ್ಲ. 2025ರಲ್ಲಿ ತಂಡ ಮತ್ತೆ ಒಂದು ಮೆಟ್ಟಿಲು ಹತ್ತಿತು.