ಹೆಳವರ ಹೊತ್ತಗೆಯೂ ಮೋಡಿ ಕಾಗದಗಳೂ

ಠಾಣೆಯ ಕೋಪರಿಯಂತಹ ಕಡೆ ನೆಲೆಸಿದ ಕನ್ನಡಿಗರಲ್ಲಿ ವಂಶಾವಳಿಯನ್ನು ಅರಸಹೊರಟವರಿಗೆ ಮುತ್ತಜ್ಜನಿಂದಾಚೆಗೆ ದಾರಿ ಕಾಣದಿರುವುದು ಅಪರೂಪವಲ್ಲ. ಊರಿನಲ್ಲಾದರೆ ಹೆಳವರು ಎತ್ತನ್ನೇರಿ ಬಂದು, ಪೀಳಿಗೆಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಗೆಯಲ್ಲಿ ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ವಲಸೆ ಬಂದವನ ಮನೆಗೆ ಅವರು ಬರುವುದೆಂತು?

ಉಳಿದ ಆಧಾರಗಳೆಂದರೆ ನಾಸಿಕ-ತ್ರ್ಯಂಬಕಗಳ ತೀರ್ಥಪುರೋಹಿತರ ವಹಿಗಳು, ಪುಣೆಯ ಪೇಶವೆ ದಫ್ತರ. ಬೆಳಗಾವಿ, ಧಾರವಾಡ ಸೀಮೆಗಳು ಪೇಶವೆಯರ ಆಳಿಕೆಯಲ್ಲಿದ್ದು 1818ರ ವೇಳೆಗೆ ಕಂಪೆನಿಯ ಕೈಸೇರಿದುವು. ಆದಕಾರಣ ಅಲ್ಲಿಯ ಇನಾಮು, ವತನಗಳ ಹಳೆಯ ಕಾಗದಗಳು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿವೆ. ಕನ್ನಡವನ್ನಷ್ಟೇ ಬಲ್ಲವನಿಗೆ ತನ್ನ ಅಜ್ಜನ ಕಾಗದವೇ ಪರದೇಶದ್ದು!

ಸ್ವಂತ ಶೋಧ ಹೀಗೆ ನಿಂತಾಗ ಕೈಕಟ್ಟಿ ಕೂಡುವುದಕ್ಕಿಂತ, ಮೋಡಿಯನ್ನು ಕಲಿತು ಪರರ ಕಾಗದಗಳನ್ನು ಓದಿಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ. ಇದು ಬರಿಯ ಪರೋಪಕಾರವಲ್ಲ. ವತನದ ತಂಟೆಗಳ ಮಹಜರುಗಳಲ್ಲಿ ವಾದಿ ಪ್ರತಿವಾದಿಗಳಲ್ಲದೆ ಊರ ಗೌಡ, ಕುಲಕರ್ಣಿ, ಆಯಗಾರರೂ ಸಾಕ್ಷಿಗಳಾಗಿ, 'ಬಿನ್' ಎಂದು ತಂದೆಯ ಹೆಸರಿನೊಡನೆ ಕಾಣಿಸಿಕೊಳ್ಳುವರು. ಒಬ್ಬನ ಜಗಳದ ಕಾಗದದಲ್ಲಿ ಇನ್ನೊಬ್ಬನ ಮುತ್ತಜ್ಜ ಕುಳಿತಿರಬಹುದು. ಓದಿದವನು ಅಂತಹ ಹೆಸರು, ಊರು, ವರ್ಷಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಆ ಊರಿನ ಇತರ ಮನೆತನಗಳಿಗೂ ತಿಳಿಸತಕ್ಕದ್ದು. ವರ್ಷವನ್ನು ಸುಹೂರ ಸನದಲ್ಲಿ ಕೊಟ್ಟಿದ್ದರೆ 599 ಅಥವಾ 600ನ್ನು ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ.